ಬಾಡಿಗೆ ಕಾರ್ಟ್ ರೇಸಿನಲ್ಲಿ ಒಬ್ಬರಿಗೊಬ್ಬರು ತಾಗಿಸುವುದು ಎಲ್ಲಿಯವರೆಗೆ ಸರಿ? ನಿಯಮ ಬರೆಯಲು ಸಲಹೆ ಬೇಕು

ಚಿಂಚವಾಡ ಕನ್ನಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪುಣೆಯ ಪಿಂಪ್ರಿ-ಚಿಂಚವಾಡ ಮತ್ತು ಹಿಂಜವಡಿಯ ಕಾರ್ಖಾನೆ, ಕಚೇರಿಗಳಲ್ಲಿ ಕೆಲಸ ಮಾಡುವ ನಾವು ಕೆಲವು ಕನ್ನಡಿಗರು ಸೇರಿಕೊಂಡು, ನೆಲಕ್ಕೆ ತಾಗುವಷ್ಟು ತಗ್ಗಾದ ಪುಟ್ಟ ರೇಸ್ ಗಾಡಿಗಳಾದ ಬಾಡಿಗೆ ಕಾರ್ಟ್‌ಗಳಲ್ಲಿ ಆಗಾಗ ರೇಸ್ ನಡೆಸುತ್ತೇವೆ. ರಜೆಯ ದಿನದ ಮೋಜಿಗೆಂದು ಶುರುವಾದದ್ದು ಈಗ ಅಂಕಪಟ್ಟಿ, ವರ್ಷದ ಕೊನೆಗೆ ಒಂದು ಟ್ರೋಫಿ ಎನ್ನುವ ಮಟ್ಟಕ್ಕೆ ಬೆಳೆದಿದೆ. ಅಂಕ ಬಂದ ಮೇಲೆ ಜಗಳವೂ ಬಂದಿದೆ.

ಕಳೆದ ಬಾರಿ ನಡೆದದ್ದು ಇಷ್ಟು. ಕೊನೆಯ ಸುತ್ತಿನ ಹೇರ್‌ಪಿನ್ ತಿರುವಿನಲ್ಲಿ ಎರಡನೆಯ ಸ್ಥಾನದಲ್ಲಿದ್ದವರು ಒಳಬದಿಯಿಂದ ನುಗ್ಗಿದರು. ಅವರ ಮುಂಭಾಗ ಮುಂದಿನ ಕಾರ್ಟಿನ ಹಿಂದಿನ ಮೂಲೆಗೆ ಬಡಿದು, ಆ ಕಾರ್ಟ್ ಗಿರ್ರನೆ ತಿರುಗಿ ಹೊರಬದಿಯ ಟೈರ್ ಗೋಡೆಗೆ ಹೋಗಿ ನಿಂತಿತು. ಓಡಿಸುತ್ತಿದ್ದವರಿಗೆ ಸೀಟಿನ ಅಂಚು ಒತ್ತಿ ಪಕ್ಕೆಲುಬಿನಲ್ಲಿ ನೋವು ಕಾಣಿಸಿಕೊಂಡಿತು. ಎಕ್ಸ್‌ರೇಯಲ್ಲಿ ಏನೂ ಮುರಿದಿಲ್ಲವೆಂದು ತಿಳಿದಾಗ ಎಲ್ಲರೂ ನಿಟ್ಟುಸಿರು ಬಿಟ್ಟೆವು. ಗೆದ್ದವರ ವಾದವೇನೆಂದರೆ, ಒಳಗೆ ಜಾಗವಿತ್ತು, ತಾನು ಹೋದೆ, ಎದುರಿಗಿದ್ದವರು ಕೊನೆಯ ಗಳಿಗೆಯಲ್ಲಿ ಅಡ್ಡ ಬಂದರು ಎಂಬುದು. ಸೋತವರ ವಾದ, ತಾನು ತಿರುಗಲು ಶುರು ಮಾಡಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ ಎಂಬುದು. ಟ್ರ್ಯಾಕಿನ ಸಿಬ್ಬಂದಿಯನ್ನು ಕೇಳಿದರೆ "ಕಾರ್ಟಿಂಗ್ ಅಂದಮೇಲೆ ಇಷ್ಟೆಲ್ಲ ನಡೆಯುತ್ತದೆ ಸರ್" ಎಂದು ಕೈತೊಳೆದುಕೊಂಡರು.

ಈಗ ನಮ್ಮಲ್ಲೇ ಎರಡು ಬಣಗಳಾಗಿವೆ. ಯಾರಿಗೆ ಯಾರು ತಾಗಿದರೂ ಶಿಕ್ಷೆ ಆಗಬೇಕೆಂದು ಕೆಲವರು, ಬಾಡಿಗೆ ಕಾರ್ಟಿಗೆ ಸುತ್ತಲೂ ಬಂಪರ್ ಕಟ್ಟಿರುವುದೇ ತಾಗಲೆಂದು ಎಂದು ಉಳಿದವರು. ಮುಂದಿನ ರೇಸಿಗೆ ಮೊದಲು ಒಂದು ಪುಟದ ನಿಯಮ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ನಿಜವಾದ ಕಾರ್ಟ್ ರೇಸುಗಳಲ್ಲಿ ಇದನ್ನು ಹೇಗೆ ತೀರ್ಮಾನಿಸುತ್ತಾರೆ, ಅದರಲ್ಲಿ ನಮ್ಮಂಥ ಹವ್ಯಾಸಿಗಳಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಬಾವುಟದ ಕಟ್ಟೆ

ಪುಣೆ ಮತ್ತು ಕೊಲ್ಹಾಪುರದ ಕಡೆ ಕಾರ್ಟ್ ರೇಸುಗಳಲ್ಲಿ ಮಾರ್ಷಲ್ (ಟ್ರ್ಯಾಕಿನ ಬದಿಯಲ್ಲಿ ಬಾವುಟ ಹಿಡಿದು ರೇಸ್ ನೋಡಿಕೊಳ್ಳುವವರು) ಆಗಿ ಕೆಲಸ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ. ಮೊದಲಿಗೆ, "ತಾಗಿದ್ದು ಸರಿಯೋ ತಪ್ಪೋ" ಎಂಬ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿಕೊಳ್ಳಿ. ತಾಗಿದ್ದನ್ನು ತಪ್ಪಿಸಬಹುದಿತ್ತೇ, ತಾಗಿದ್ದರಿಂದ ಯಾರಿಗಾದರೂ ಲಾಭವಾಯಿತೇ, ಈ ಎರಡನ್ನು ಕೇಳಿದರೆ ಮುಕ್ಕಾಲು ಪಾಲು ಜಗಳಗಳು ಅಲ್ಲಿಯೇ ತೀರುತ್ತವೆ.

ಕಾರ್ಟಿಗೆ ಸಣ್ಣ ಏಟೂ ಏಕೆ ದೊಡ್ಡದಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕೂಡ ಇಲ್ಲ. ಹಿಂದಿನ ಎರಡೂ ಚಕ್ರಗಳು ಒಂದೇ ಆಕ್ಸಲ್‌ಗೆ ಬಿಗಿಯಾಗಿ ಕೂತು ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಿದ್ದೂ ಕಾರ್ಟ್ ತಿರುವು ತೆಗೆದುಕೊಳ್ಳಬೇಕಾದರೆ ಒಳಬದಿಯ ಹಿಂಚಕ್ರ ನೆಲ ಬಿಟ್ಟು ಕೂದಲೆಳೆಯಷ್ಟಾದರೂ ಮೇಲೇಳಬೇಕು, ಇಲ್ಲವೇ ಅದರ ಹಿಡಿತ ಸಡಿಲವಾಗಬೇಕು, ಚಾಸಿಯ ಬಾಗುವಿಕೆ ಮತ್ತು ಸ್ಟಿಯರಿಂಗಿನ ಕೋನ ಅದಕ್ಕೆಂದೇ ಇರುವುದು. ಅಂದರೆ ತಿರುವಿನ ನಡುವೆ ಹಿಂಭಾಗದ ಭಾರವೆಲ್ಲ ಹೊರಗಿನ ಒಂದೇ ಚಕ್ರದ ಮೇಲೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಹಿಂದಿನ ಮೂಲೆಗೆ ಬೆರಳು ತಾಕಿಸಿದಷ್ಟು ತಳ್ಳಿದರೂ ಕಾರ್ಟ್ ತಿರುಗಿಬಿಡುತ್ತದೆ. ಅದೇ ಏಟನ್ನು ನೇರ ದಾರಿಯಲ್ಲಿ ಬೆನ್ನಿಗೆ ಕೊಟ್ಟರೆ ಏನೂ ಆಗದೆ ಇರಬಹುದು.

ವೇಗದ ಲೆಕ್ಕವೂ ಇದನ್ನೇ ಹೇಳುತ್ತದೆ. ನೇರ ದಾರಿಯಲ್ಲಿ ಒಬ್ಬರು ಗಂಟೆಗೆ 50 ಕಿಲೋಮೀಟರ್, ಹಿಂದಿನವರು 55ರಲ್ಲಿದ್ದು ತಾಗಿದರೆ ವ್ಯತ್ಯಾಸ 5 ಮಾತ್ರ. ತಿರುವಿಗೆ ಮೊದಲು ಮುಂದಿನವರು ಬ್ರೇಕ್ ಒತ್ತಿ 30ಕ್ಕೆ ಇಳಿದಿದ್ದು ಹಿಂದಿನವರು ಇನ್ನೂ 50ರಲ್ಲಿದ್ದರೆ ವ್ಯತ್ಯಾಸ 20. ಏಟಿನ ಶಕ್ತಿ ವೇಗದ ವರ್ಗದಷ್ಟು ಬೆಳೆಯುವುದರಿಂದ ಇದು ನಾಲ್ಕು ಪಟ್ಟಲ್ಲ, 16 ಪಟ್ಟು. ಬಾಡಿಗೆ ಕಾರ್ಟ್‌ಗಳು ಸುತ್ತಲಿನ ಬಂಪರು, ಭಾರವಾದ ಚೌಕಟ್ಟುಗಳಿಂದಾಗಿ ರೇಸ್ ಕಾರ್ಟ್‌ಗಳಿಗಿಂತ ಬಹಳ ತೂಗುತ್ತವೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಎಂಜಿನ್ ಪುಟ್ಟದು ಎಂದು ಏಟೂ ಪುಟ್ಟದಾಗುವುದಿಲ್ಲ.

ಬಂಪರ್ ಇಲ್ಲದ ಕಡೆ ಚಕ್ರಕ್ಕೆ ಚಕ್ರ ತಾಗುವುದು ಇದಕ್ಕಿಂತ ಅಪಾಯ. ಮುಂದೆ ಹೋಗುತ್ತಿರುವ ಕಾರ್ಟಿನ ಹಿಂಚಕ್ರದ ಹಿಂಬದಿಯ ಮೈ ಸದಾ ಮೇಲ್ಮುಖವಾಗಿ ತಿರುಗುತ್ತಿರುತ್ತದೆ. ಅದಕ್ಕೆ ಹಿಂದಿನವರ ಮುಂಚಕ್ರ ಒರಗಿದರೆ ಅದು ಅದನ್ನೇ ಏಣಿ ಮಾಡಿಕೊಂಡು ಹತ್ತುತ್ತದೆ. ಹಿಂದಿನ ಕಾರ್ಟ್ ಗಾಳಿಗೆ ಏಳುವುದು ಹೀಗೆ. ರೇಸ್ ಕಾರ್ಟ್‌ಗಳಿಗೆ ಹಿಂಚಕ್ರಗಳ ಹಿಂದೆ ಅಡ್ಡಲಾಗಿ ಪ್ಲಾಸ್ಟಿಕ್ ಕವಚ ಕಡ್ಡಾಯವಾಗಿರುವುದು ಈ ಕಾರಣಕ್ಕೆ.

ಇನ್ನು ನಿಯಮಗಳ ವಿಚಾರ. ಜಗತ್ತಿನ ಮೋಟಾರ್ ರೇಸಿಂಗಿನ ಆಡಳಿತ ಸಂಸ್ಥೆಯಾದ ಎಫ್‌ಐಎಯ ಅಂತರರಾಷ್ಟ್ರೀಯ ಕ್ರೀಡಾ ಸಂಹಿತೆಯಲ್ಲಿ 'ಅನುಬಂಧ ಎಲ್' ಎಂಬ ಭಾಗವಿದೆ. ಮುಂದಿರುವವರು ತಮ್ಮ ಸ್ಥಾನ ಉಳಿಸಿಕೊಳ್ಳಲು ಒಂದಕ್ಕಿಂತ ಹೆಚ್ಚು ಬಾರಿ ದಿಕ್ಕು ಬದಲಿಸಬಾರದು, ಹಾಗೆ ಬದಿಗೆ ಸರಿದವರು ತಿರುವಿಗೆ ಮುನ್ನ ಮತ್ತೆ ರೇಸಿಂಗ್ ಲೈನಿಗೆ (ತಿರುವನ್ನು ಅತಿ ಬೇಗ ದಾಟುವ ದಾರಿಗೆ) ಮರಳುವಾಗ ಟ್ರ್ಯಾಕಿನ ಅಂಚಿನಲ್ಲಿ ಕನಿಷ್ಠ ಒಂದು ವಾಹನದ ಅಗಲದಷ್ಟು ಜಾಗ ಬಿಡಬೇಕು ಎಂಬುದು ಅದರ ಸಾರ. ಡಿಕ್ಕಿಗೆ ಕಾರಣರಾಗುವುದು ಬೇರೆಯೇ ಅಪರಾಧ. ಇದರಿಂದ ಹೊರಡುವ ನನ್ನ ತೂಕದ ಕಲ್ಲು ಹೀಗಿದೆ: ಮುಂದಿನವರು ಸ್ಟಿಯರಿಂಗ್ ತಿರುಗಿಸಲು ಶುರು ಮಾಡುವ ಹೊತ್ತಿಗೆ ಹಿಂದಿನವರ ಮುಂಚಕ್ರ ಮುಂದಿನವರ ಸೀಟಿನ ಸಾಲಿಗಾದರೂ ಬಂದಿದ್ದರೆ ಆ ಜಾಗ ಇಬ್ಬರದೂ, ಮುಂದಿನವರು ಬಿಟ್ಟುಕೊಡಬೇಕು. ಬಂದಿರದಿದ್ದರೆ ತಿರುವು ಮುಂದಿನವರದು, ಹಿಂದಿನವರು ಬ್ರೇಕ್ ಒತ್ತಬೇಕು. ಬೇರೆ ಮಾರ್ಷಲ್‌ಗಳು ಈ ಗೆರೆಯನ್ನು ತುಸು ಅತ್ತಿತ್ತ ಎಳೆಯಬಹುದು, ನೀವು ಯಾವುದಾದರೂ ಒಂದನ್ನು ಎಳೆದು ಅದಕ್ಕೆ ನಿಂತರೆ ಸಾಕು.

ನಿಮ್ಮ ಹೇರ್‌ಪಿನ್ ಪ್ರಕರಣದಲ್ಲಿ ಸಾಕ್ಷಿ ಕಾರ್ಟಿನ ಮೇಲೆಯೇ ಇದೆ. ಡಿಕ್ಕಿಯಾದ ಮೇಲೆ ಬಾಯಿಮಾತು ಕೇಳುವ ಮೊದಲು ನಾವು ಬಗ್ಗಿ ನೋಡುವುದು ಬಂಪರಿನ ಮೇಲಿನ ಗುರುತನ್ನು. ಅಕ್ಕಪಕ್ಕ ಇದ್ದು ತಾಗಿದರೆ ಪಕ್ಕದ ಬಂಪರಿನ ಉದ್ದಕ್ಕೂ ಸವರಿದಂಥ ಗೀರು, ಟೈರಿನ ಕಪ್ಪು ಉಂಗುರ ಇರುತ್ತದೆ. ಹಿಂದಿನಿಂದ ನುಗ್ಗಿ ಗುದ್ದಿದ್ದರೆ ಹಿಂದಿನ ಮೂಲೆಯಲ್ಲಿ ಒಂದೇ ಕಡೆ ಒತ್ತಿದ ಕಲೆ, ಗುದ್ದಿದವರ ಮೂತಿಯ ಮೇಲೆ ಅದಕ್ಕೆ ಸರಿಹೊಂದುವ ಇನ್ನೊಂದು ಕಲೆ. ಹಿಂದಿನ ಮೂಲೆಗೆ ಬಡಿದಿದೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಒಳಗೆ ಹೋದವರು ಪಕ್ಕಕ್ಕೆ ಬಂದೇ ಇರಲಿಲ್ಲ. ಜಾಗವಿತ್ತು ಎನ್ನುವುದು ನಿಜವಿರಬಹುದು, ಆದರೆ ಅದು ಅವರ ಜಾಗವಾಗಿರಲಿಲ್ಲ.

ಶಿಕ್ಷೆಯ ಬಗ್ಗೆ ಒಂದು ಮಾತು. ಕಾರ್ಟಿಂಗ್ ಜಗತ್ತು ಉದ್ದೇಶವನ್ನು ಅಳೆಯಲು ಹೋಗಿ ಸೋತು, ಕೊನೆಗೆ ಪರಿಣಾಮವನ್ನು ಅಳೆಯುವ ದಾರಿ ಹಿಡಿಯಿತು. 2015ರ ಸುಮಾರಿಗೆ ಬಂದ ಬೀಳುವ ಮುಂಗವಚವೇ ಆ ದಾರಿ. ಕಾರ್ಟಿನ ಮೂತಿಯ ಪ್ಲಾಸ್ಟಿಕ್ ಕವಚವನ್ನು ಎರಡು ಹಿಡಿಕೆಗಳಿಂದ ಮಾತ್ರ ಕೂರಿಸಿರುತ್ತಾರೆ. ಮುಂದಿನವರಿಗೆ ಜೋರಾಗಿ ಗುದ್ದಿದರೆ ಅದು ಹಿಂದಕ್ಕೆ ಜಾರಿ ಕೆಳಗಿಳಿಯುತ್ತದೆ. ರೇಸ್ ಮುಗಿದಾಗ ಅದು ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಈಗಿನ ಎಫ್‌ಐಎ ಕಾರ್ಟಿಂಗ್ ನಿಯಮದಲ್ಲಿ 5 ಸೆಕೆಂಡು ಸೇರಿಸುತ್ತಾರೆ. ಎಲ್ಲರೂ ಒತ್ತೊತ್ತಾಗಿ ಓಡುವ ರೇಸಿನಲ್ಲಿ 5 ಸೆಕೆಂಡೆಂದರೆ ಐದಾರು ಸ್ಥಾನ ಹೋದಂತೆ. ಬೇಕೆಂದು ಗುದ್ದಿದೆಯೋ ಬೇಡವೆಂದು ಗುದ್ದಿದೆಯೋ ಎಂದು ಯಾರೂ ಕೇಳುವುದಿಲ್ಲ. ಗೆರೆ ದಾಟುವ ಮುನ್ನ ಕಾಲಿನಿಂದ ಒದ್ದು ಅದನ್ನು ಸರಿಪಡಿಸಿಕೊಳ್ಳಲು ನೋಡುವ ಜಾಣರೂ ಇದ್ದಾರೆ, ಅದು ಸಿಕ್ಕಿಬಿದ್ದರೆ ಶಿಕ್ಷೆ ಇನ್ನೂ ಕಠಿಣ.

ಬಾಡಿಗೆ ಕಾರ್ಟಿನಲ್ಲಿ ಇಂಥ ಕವಚ ಇರುವುದಿಲ್ಲ. ಅದರ ಬದಲು ನೀವು "ತಾಗಿ ಸ್ಥಾನ ಗಳಿಸಿದರೆ ಮುಂದಿನ ಒಂದು ಸುತ್ತಿನೊಳಗೆ ಆ ಸ್ಥಾನ ಹಿಂದಿರುಗಿಸಬೇಕು" ಎಂದು ಬರೆಯಿರಿ. ಹಿಂದಿರುಗಿಸಿದರೆ ಮಾತು ಮುಗಿಯಿತು, ಹಿಂದಿರುಗಿಸದಿದ್ದರೆ ಫಲಿತಾಂಶದಲ್ಲಿ ಎರಡು ಸ್ಥಾನ ಕಳೆಯಿರಿ. ಕೊನೆಯ ಸುತ್ತಿನಲ್ಲಾದರೆ ಹಿಂದಿರುಗಿಸಲು ಸಮಯವಿರುವುದಿಲ್ಲವಾದ್ದರಿಂದ ಸ್ಥಾನಗಳನ್ನು ನೇರವಾಗಿ ಅದಲುಬದಲು ಮಾಡಿ.

ವಡಾಳಾ ಅಪ್ಪ

ಬಾವುಟದ ಕಟ್ಟೆಯವರು ಬರೆದದ್ದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ನಾನು ಮುಂಬೈಯಲ್ಲಿ ಮಗನನ್ನು ಕಾರ್ಟಿಂಗಿಗೆ ಕರೆದುಕೊಂಡು ಹೋಗುವ ತಂದೆ, ಓಡಿಸುವವನಲ್ಲ. ಆದ್ದರಿಂದ ತಿರುವು ಯಾರದು ಎಂಬ ತರ್ಕಕ್ಕಿಂತ ಮೈಮೇಲೆ ಏನು ಹಾಕಿಕೊಂಡಿದ್ದಾರೆ ಎಂಬುದೇ ನನಗೆ ಮೊದಲು ಕಾಣುತ್ತದೆ, ಪ್ರಶ್ನೆ ಕೇಳಿದವರ ಬರಹದಲ್ಲಿ ಆ ವಿಚಾರ ಒಂದು ಸಾಲಿನಲ್ಲೂ ಇಲ್ಲ.

ರೇಸ್ ಕಾರ್ಟ್‌ಗಳಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ ಎಂದು ಕೇಳಿದಾಗ ನಮ್ಮ ಮನೆಯವರು ಗಾಬರಿಯಾಗಿದ್ದರು. ಕಾರಣ ಸರಳವಾಗಿದೆ. ಕಾರ್ಟಿಗೆ ತಲೆಯ ಮೇಲೆ ಯಾವ ಚೌಕಟ್ಟೂ ಇಲ್ಲ, ಪಲ್ಟಿಯಾದಾಗ ಓಡಿಸುವವರು ಅದರಿಂದ ಬೇರ್ಪಡುವುದೇ ಮೇಲು, ಕಟ್ಟಿಹಾಕಿದರೆ ಕಾರ್ಟಿನ ಭಾರವೆಲ್ಲ ತಲೆ ಕುತ್ತಿಗೆಯ ಮೇಲೆ ಬೀಳುತ್ತದೆ. ಕೆಲವು ಬಾಡಿಗೆ ಕಾರ್ಟ್‌ಗಳಲ್ಲಿ ಬೆಲ್ಟ್ ಇರುತ್ತದೆ, ಅಲ್ಲಿ ಸೀಟಿನ ಹಿಂದೆ ತಲೆಗಿಂತ ಎತ್ತರದ ರೋಲ್ ಬಾರ್ ಕೂಡ ಇರಲೇಬೇಕು. ಒಂದು ಇದ್ದು ಇನ್ನೊಂದು ಇಲ್ಲದ ಕಾರ್ಟಿನಲ್ಲಿ ಕೂರಬೇಡಿ.

ಪಕ್ಕೆಲುಬಿನ ನೋವು ಕಾರ್ಟಿಂಗಿನಲ್ಲಿ ಹೊಸದೇನಲ್ಲ. ಸೀಟು ಗಟ್ಟಿ, ಬದಿಯಿಂದ ಏಟು ಬಿದ್ದಾಗ ಅದರ ಮೇಲಂಚು ನೇರವಾಗಿ ಎದೆಗೂಡಿನ ಕೆಳಭಾಗಕ್ಕೆ ಬಂದು ಕೂರುತ್ತದೆ. ಎದೆ ಮತ್ತು ಪಕ್ಕೆಗಳ ರಕ್ಷಾಕವಚಕ್ಕೆಂದೇ ಎಫ್‌ಐಎ 8870-2018 ಎಂಬ ಮಾನದಂಡ ಮಾಡಿದೆ. ನಿಮ್ಮ ಬಳಗದವರು ಪ್ರಮಾಣಪತ್ರದ ಕವಚವನ್ನೇ ಕೊಳ್ಳಬೇಕೆಂದು ನಾನು ಹೇಳಲಾರೆ, ಆದರೆ ನಿಯಮಿತವಾಗಿ ಓಡಿಸುವವರಿಗೆ ಹೆಲ್ಮೆಟಿನ ನಂತರ ಮೊದಲು ಖರ್ಚು ಮಾಡಬೇಕಾದ ವಸ್ತು ಅದೇ. ಅಂದಹಾಗೆ ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದಾಗಿರಬೇಕು, ಟ್ರ್ಯಾಕಿನವರು ಕೊಡುವ ಹೆಲ್ಮೆಟಿನ ಪಟ್ಟಿ ಗದ್ದದ ಕೆಳಗೆ ಜೋತಾಡುತ್ತಿದ್ದರೆ ಅದನ್ನು ಹಾಕಿಕೊಂಡೂ ಪ್ರಯೋಜನವಿಲ್ಲ. ಮಕ್ಕಳ ವಿಚಾರ ಬೇರೆ. ದೊಡ್ಡವರ ಹೆಲ್ಮೆಟಿನ ಭಾರವನ್ನು ಎಳೆಯ ಕುತ್ತಿಗೆ ತಡೆಯುವುದಿಲ್ಲ ಎಂಬ ಕಾರಣಕ್ಕೆ ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆ ಮತ್ತು ಎಫ್‌ಐಎ ಸೇರಿ ಸಿಎಂಆರ್ ಎಂಬ ಹಗುರ ಹೆಲ್ಮೆಟಿನ ಮಾನದಂಡ ರೂಪಿಸಿವೆ.

ನಿಮ್ಮ ಒಂದು ಪುಟದಲ್ಲಿ ಡಿಕ್ಕಿಯ ನಿಯಮಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ ಕೂದಲಿನ ನಿಯಮ ಬರಲಿ. 2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, 2020ರಲ್ಲಿ ಹೈದರಾಬಾದಿನಲ್ಲಿ, ಎರಡೂ ಕಡೆ ಮಹಿಳೆಯರ ಉದ್ದ ಕೂದಲು ಕಾರ್ಟಿನ ತಿರುಗುವ ಭಾಗಕ್ಕೆ ಸಿಕ್ಕಿ ಜೀವ ಹೋಯಿತು. ಯಾರೂ ಯಾರಿಗೂ ಗುದ್ದಿರಲಿಲ್ಲ. ಓಡಿಸುವವರ ಬೆನ್ನ ಹಿಂದೆ ಒಂದು ಗೇಣಿನಷ್ಟು ದೂರದಲ್ಲಿ ಆಕ್ಸಲ್ ಬೆತ್ತಲಾಗಿ ತಿರುಗುತ್ತಿರುತ್ತದೆ. ಜಡೆ, ದುಪಟ್ಟಾ, ಶಾಲು, ಜಾಕೆಟಿನ ಟೋಪಿಯ ದಾರ, ಇವೆಲ್ಲ ಒಳಗೆ ಸೇರಿಸಿ ಕಟ್ಟದವರನ್ನು ಎಷ್ಟೇ ಹತ್ತಿರದವರಾದರೂ ಪಿಟ್ (ಕಾರ್ಟ್ ಹತ್ತಿ ಇಳಿಯುವ ಜಾಗ) ಬಿಟ್ಟು ಹೊರಡಲು ಬಿಡಬೇಡಿ. ಕೂದಲನ್ನು ಬಲಾಕ್ಲಾವಾದೊಳಗೆ (ಹೆಲ್ಮೆಟಿನ ಒಳಗೆ ಹಾಕುವ ಬಟ್ಟೆಯ ಮುಸುಕು) ತುಂಬಿ, ಅದನ್ನು ಕಾಲರಿನೊಳಗೆ ಸಿಗಿಸಿದರೆ ಎರಡು ನಿಮಿಷದ ಕೆಲಸ.

ಮಗನಿಗೆ ಮೊದಲ ದಿನ ಕಲಿಸಿದ್ದು ಓಡಿಸುವುದನ್ನಲ್ಲ, ಕೈ ಎತ್ತುವುದನ್ನು. ಕಾರ್ಟ್ ತಿರುಗಿ ನಿಂತರೆ ಬ್ರೇಕ್ ಒತ್ತಿಹಿಡಿದು, ಎರಡೂ ಕೈ ಮೇಲೆತ್ತಿ, ಕೂತಲ್ಲೇ ಕೂತಿರಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವವರು ಅರ್ಧ ಸೆಕೆಂಡಿನಲ್ಲಿ 7 ಮೀಟರ್ ಬಂದಿರುತ್ತಾರೆ. ಇಳಿದು ಕಾರ್ಟನ್ನು ತಳ್ಳಲು ಬಗ್ಗಿದವರು ಅವರ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ದೊಡ್ಡವರು ಈ ಪಾಠವನ್ನು ಮಕ್ಕಳಿಗಿಂತ ನಿಧಾನವಾಗಿ ಕಲಿಯುತ್ತಾರೆ ಎಂಬುದು ನಾನು ಗ್ಯಾಲರಿಯಲ್ಲಿ ನಿಂತು ಕಂಡ ಮಾತು.

ಒಳಗೆರೆ

ಮೇಲಿನ ಎರಡೂ ಉತ್ತರಗಳಲ್ಲಿ ಕಲಿಯುವುದು ಬಹಳವಿದೆ, ಆದರೆ ಓಡಿಸುವವರ ಕಡೆಯಿಂದ ಒಂದು ತಕರಾರು. ಸ್ಥಾನ ಹಿಂದಿರುಗಿಸುವ ನಿಯಮ ಕಾಗದದ ಮೇಲೆ ಚೆಂದ. ಟ್ರ್ಯಾಕಿನಲ್ಲಿ ಅದು ಮುಂದಿರುವವರ ಕೈಗೆ ಕೊಟ್ಟ ಅಸ್ತ್ರವಾಗುತ್ತದೆ. ಹಿಂದಿನವರು ಮೂತಿ ತಾಗಿಸುವಷ್ಟು ಹತ್ತಿರ ಬಂದರೆಂದು ತಿಳಿದೊಡನೆ, ತಿರುವಿನ ನಡುವೆ ಬೇಕಾದದ್ದಕ್ಕಿಂತ ಮೊದಲೇ ಬ್ರೇಕ್ ಒತ್ತಿ ತಾವೇ ಗುದ್ದಿಸಿಕೊಂಡು, ಆಮೇಲೆ ಕೈ ಎತ್ತಿ ದೂರು ಹೇಳುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಬೀಳುವ ಮುಂಗವಚದ ನಿಯಮದ ಮೇಲೂ ರೇಸಿನವರ ದೂರು ಇದೇ ಆಗಿದೆ: ಬೇಕೆಂದು ಗುದ್ದಿದವರಿಗೂ ಮುಂದಿನವರು ಬ್ರೇಕ್ ಒತ್ತಿದ್ದರಿಂದ ಗುದ್ದಬೇಕಾಗಿ ಬಂದವರಿಗೂ ಒಂದೇ ಶಿಕ್ಷೆ, ಮೊದಲ ತಿರುವಿನ ಗುಂಪಿನಲ್ಲಿ ಹಿಂದಿನಿಂದ ಯಾರೋ ತಳ್ಳಿದ್ದರಿಂದ ಮುಂದಿನವರಿಗೆ ಮುತ್ತಿಟ್ಟವರಿಗೂ ಅದೇ ಶಿಕ್ಷೆ.

ನೇರ ದಾರಿಯಲ್ಲಿ ಹಿಂದಿನವರು ಮೆಲ್ಲನೆ ಒರಗಿ ತಳ್ಳುವುದರಿಂದ ಇಬ್ಬರೂ ಸೇರಿ ಮುಂದಿನ ಜೋಡಿಯನ್ನು ಹಿಡಿಯುವ ತಂತ್ರವೂ ಇದೆ. ಅದನ್ನೂ ಅಪರಾಧವೆಂದು ಬರೆದರೆ ರೇಸಿನ ಸೊಗಸು ಹೋಗುತ್ತದೆ. ತಾಗಿದ್ದೆಲ್ಲ ತಪ್ಪು ಎನ್ನುವ ಬಣಕ್ಕೆ ನನ್ನ ವಿರೋಧವಿದೆ.

ಚಿಂಚವಾಡ ಕನ್ನಡಿಗ

ಎಲ್ಲರಿಗೂ ಧನ್ಯವಾದಗಳು. ಬಂಪರಿನ ಗುರುತಿನ ವಿಚಾರ ಓದಿದ ಮೇಲೆ ಆ ದಿನ ತೆಗೆದ ಫೋಟೋಗಳನ್ನು ಹುಡುಕಿ ನೋಡಿದೆವು. ಹಿಂದಿನ ಬಲಮೂಲೆಯಲ್ಲಿ ಅಂಗೈಯಗಲದ ಒಂದೇ ಕಲೆ ಇದೆ, ಪಕ್ಕದ ಬಂಪರ್ ಸ್ವಚ್ಛವಾಗಿದೆ. ಫೋಟೋ ನೋಡಿದ ಗೆದ್ದವರೇ ಎರಡನೆಯ ಸ್ಥಾನಕ್ಕೆ ಒಪ್ಪಿದ್ದಾರೆ, ಸ್ವಲ್ಪ ಗೊಣಗುತ್ತಲೇ.

ಉಳಿದಿರುವ ತೊಡಕು, ತೀರ್ಪು ಕೊಡುವವರು ಯಾರು ಎಂಬುದು. ನಮ್ಮಲ್ಲಿ ಎಲ್ಲರೂ ಓಡಿಸುವವರೇ. ಇನ್ನೊಂದು, ಟ್ರ್ಯಾಕಿನವರು ಪ್ರತಿ ಬಾರಿ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ "ಯಾವುದೇ ಗಾಯ ಅಥವಾ ಸಾವಿಗೆ ನಾವು ಹೊಣೆಯಲ್ಲ" ಎಂದಿದೆ. ಹಾಗಾದರೆ ನಾಳೆ ಯಾರಿಗಾದರೂ ನಿಜವಾಗಿ ಪೆಟ್ಟಾದರೆ ಹೊಣೆ ಯಾರದು? ಗುದ್ದಿದವರದೇ, ಆಯೋಜಿಸಿದ ನನ್ನದೇ?

ಮಡಗಾಂವ್ ವಕೀಲ

ಎರಡನೆಯ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಗೋವಾದಲ್ಲಿ ವಕೀಲಿ ಮಾಡುತ್ತೇನೆ, ಇಲ್ಲಿ ನುವೆಂ ಕಡೆಯ ಕಾರ್ಟ್ ಟ್ರ್ಯಾಕಿಗೆ ಪ್ರವಾಸಿಗರು ಸದಾ ಬರುತ್ತಿರುವುದರಿಂದ ಈ ಸಹಿ ಕಾಗದದ ಪ್ರಶ್ನೆ ನನ್ನ ಬಳಿಗೂ ಬರುತ್ತದೆ. ನಾನು ಬರೆಯುವುದು ಸಾಮಾನ್ಯ ತಿಳಿವಳಿಕೆಗೆ, ನಿರ್ದಿಷ್ಟ ಪ್ರಕರಣವಿದ್ದರೆ ಕಾಗದಪತ್ರಗಳೊಂದಿಗೆ ನಿಮ್ಮ ಊರಿನ ವಕೀಲರನ್ನು ಕಾಣಿ.

ಕ್ರೀಡೆಯಲ್ಲಿನ ಪೆಟ್ಟಿನ ಬಗ್ಗೆ ನಮ್ಮ ದಂಡ ಕಾನೂನು ಒಂದೂವರೆ ಶತಮಾನದ ಹಿಂದೆಯೇ ಯೋಚಿಸಿದೆ. 1860ರ ದಂಡಸಂಹಿತೆಯ 87ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮಾಗಿದೆ. ಇಬ್ಬರು ಮನರಂಜನೆಗಾಗಿ ಕತ್ತಿವರಸೆ ಆಡಲು ಒಪ್ಪಿದರೆ, ಆಟವನ್ನು ನ್ಯಾಯವಾಗಿ ಆಡುವಾಗ ಆದ ಗಾಯಕ್ಕೆ ಒಬ್ಬರು ಇನ್ನೊಬ್ಬರಿಗೆ ಸಮ್ಮತಿ ಕೊಟ್ಟಂತಾಗುತ್ತದೆ, ಅದು ಅಪರಾಧವಲ್ಲ ಎಂಬ ಉದಾಹರಣೆಯನ್ನು ಕಲಮೇ ಕೊಡುತ್ತದೆ. ಎರಡು ಷರತ್ತುಗಳನ್ನು ಗಮನಿಸಿ. ಸಮ್ಮತಿ ಕೊಟ್ಟವರು 18 ವರ್ಷ ಮೇಲ್ಪಟ್ಟವರಾಗಿರಬೇಕು, ಮತ್ತು ಆಟ ನ್ಯಾಯವಾಗಿ ನಡೆದಿರಬೇಕು. ಸಾವು ಅಥವಾ ಘೋರ ಗಾಯವನ್ನು ಉದ್ದೇಶಿಸಿ ಮಾಡಿದ, ಅಥವಾ ಅದು ಆದೀತೆಂದು ತಿಳಿದೂ ಮಾಡಿದ ಕೃತ್ಯಕ್ಕೆ ಈ ರಕ್ಷಣೆ ಇಲ್ಲ. ಹೇರ್‌ಪಿನ್‌ನಲ್ಲಿ ತಪ್ಪು ಅಂದಾಜಿನಿಂದ ತಾಗುವುದು ಒಂದು ಬಗೆ, ಸಿಟ್ಟಿನಿಂದ ಬೆನ್ನಟ್ಟಿ ಗೋಡೆಗೆ ಒತ್ತುವುದು ಬೇರೆಯೇ ಬಗೆ. ಎರಡನೆಯದು ಇತರರ ಜೀವಕ್ಕೆ ಅಪಾಯ ತರುವ ದುಡುಕಿನ ಕೃತ್ಯದ 125ನೇ ಕಲಮಿಗೂ, ಜೀವ ಹೋದರೆ 106ನೇ ಕಲಮಿಗೂ ಬರಬಹುದು. ನ್ಯಾಯವಾಗಿ ಆಡುವುದೆಂದರೆ ಏನು ಎಂದು ನ್ಯಾಯಾಲಯ ಕೇಳಿದಾಗ ತೋರಿಸಲು ನಿಮ್ಮ ಕೈಯಲ್ಲಿ ಇರುವುದು ಈಗ ನೀವು ಬರೆಯಲಿರುವ ಆ ಒಂದು ಪುಟವೇ. ಅದಕ್ಕೆ ಎಲ್ಲರ ಸಹಿ ಹಾಕಿಸಿಕೊಳ್ಳಿ.

ಟ್ರ್ಯಾಕಿನವರ ಕಾಗದಕ್ಕೆ ಬೆಲೆ ಇದೆ, ಆದರೆ ಅವರು ಅಂದುಕೊಂಡಷ್ಟಿಲ್ಲ. ಆಟದ ಸಹಜ ಅಪಾಯಕ್ಕೆ ನೀವು ತಲೆಕೊಟ್ಟಿದ್ದೀರಿ ಎಂಬುದಕ್ಕೆ ಅದು ಸಾಕ್ಷಿಯಾದೀತು. ಬ್ರೇಕ್ ಹಿಡಿಯದ ಕಾರ್ಟ್ ಕೊಟ್ಟದ್ದಕ್ಕೆ, ಟೈರ್ ಗೋಡೆ ಬಿಚ್ಚಿಹೋಗಿದ್ದಕ್ಕೆ, ಮಾರ್ಷಲ್ ಇಲ್ಲದೆ ಕಾರ್ಟ್‌ಗಳನ್ನು ಬಿಟ್ಟದ್ದಕ್ಕೆ ಅದು ಗುರಾಣಿಯಾಗದು. ಕರಾರು ಕಾಯಿದೆಯ 23ನೇ ಕಲಮು ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಒಪ್ಪಂದವನ್ನು ಮಾನ್ಯ ಮಾಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಸೇವಾ ನ್ಯೂನತೆಯ ಜೊತೆಗೆ ಅನ್ಯಾಯದ ಕರಾರು ಎಂಬುದಕ್ಕೂ ವ್ಯಾಖ್ಯೆ ಇದೆ.

ಆಯೋಜಕರಾದ ನಿಮ್ಮ ಹೊಣೆ, ನೀವು ಏನನ್ನು ನಿಮ್ಮ ಕೈಗೆ ತೆಗೆದುಕೊಂಡಿರಿ ಎಂಬುದರ ಮೇಲೆ ನಿಲ್ಲುತ್ತದೆ. ಹಣ ಕೂಡಿಸಿ ಸ್ಪರ್ಧೆ ನಡೆಸಿದ ಮೇಲೆ "ನಾನು ಸುಮ್ಮನೆ ವಾಟ್ಸಾಪ್ ಗುಂಪು ಮಾಡಿದವನು" ಎನ್ನಲಾಗದು. ವಿಮೆಯನ್ನೂ ನೋಡಿಕೊಳ್ಳಿ. ಆರೋಗ್ಯ ವಿಮೆಯ ಪ್ರಮಾಣಿತ ಹೊರಗಿಡುವಿಕೆಗಳಲ್ಲಿ ಮೋಟಾರ್ ರೇಸಿಂಗ್ ಹೆಸರಿದೆ, ಆದರೆ ಅದು ವೃತ್ತಿಪರರಾಗಿ ಭಾಗವಹಿಸುವವರಿಗೆ ಅನ್ವಯಿಸುವ ಮಾತು. ವೈಯಕ್ತಿಕ ಅಪಘಾತ ವಿಮೆಯಲ್ಲಿ ಒಕ್ಕಣೆ ಬೇರೆ ಇರಬಹುದಾದ್ದರಿಂದ, ಟ್ರೋಫಿ ಇರುವ ಹವ್ಯಾಸಿ ರೇಸಿಗೆ ರಕ್ಷಣೆ ಉಂಟೇ ಎಂದು ಕಂಪನಿಯನ್ನು ಈಮೇಲಿನಲ್ಲಿ ಕೇಳಿ ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಬಾವುಟದ ಕಟ್ಟೆ

ಒಳಗೆರೆಯವರ ತಕರಾರು ಅರ್ಧ ಸರಿ. ಬೇಕೆಂದೇ ಬ್ರೇಕ್ ಒತ್ತಿ ಗುದ್ದಿಸಿಕೊಳ್ಳುವವರು ಇದ್ದಾರೆ. ಅದಕ್ಕೆ ಮದ್ದು ನಿಯಮವನ್ನು ಕೈಬಿಡುವುದಲ್ಲ, ಅಸಹಜ ಬ್ರೇಕಿಂಗನ್ನೂ ಅದೇ ಪುಟದಲ್ಲಿ ಅದೇ ಶಿಕ್ಷೆಯೊಂದಿಗೆ ಬರೆಯುವುದು. ಪ್ರತಿ ಸುತ್ತಿನಲ್ಲೂ ಒಬ್ಬರು ಎಲ್ಲಿ ಬ್ರೇಕ್ ಒತ್ತುತ್ತಾರೆ ಎಂಬುದು ಬದಿಯಲ್ಲಿ ನಿಂತವರಿಗೆ ಮೂರು ನಾಲ್ಕು ಸುತ್ತಿನಲ್ಲಿ ಬಾಯಿಪಾಠವಾಗಿರುತ್ತದೆ, ಒಮ್ಮೆ ಮಾತ್ರ ಹತ್ತು ಮೀಟರ್ ಮೊದಲೇ ಒತ್ತಿದರೆ ಅದು ಕಣ್ಣಿಗೆ ಬಡಿಯುತ್ತದೆ. ನೇರ ದಾರಿಯ ತಳ್ಳುವಿಕೆಯ ಬಗ್ಗೆ ನಾನು ಒಪ್ಪುವುದಿಲ್ಲ. ಎಲ್ಲರ ಕೈ ಒಂದೇ ಅಳತೆಯದಲ್ಲದ ಹವ್ಯಾಸಿ ಬಳಗದಲ್ಲಿ ಮೆಲ್ಲನೆ ಒರಗುವುದು ಎಲ್ಲಿ ಮುಗಿದು ತಿರುವಿನವರೆಗೂ ತಳ್ಳಿಕೊಂಡು ಹೋಗುವುದು ಎಲ್ಲಿ ಶುರುವಾಯಿತು ಎಂದು ಹೇಳಲು ಯಾರಿಗೂ ಆಗದು. ಬಾಡಿಗೆ ಕಾರ್ಟಿಗೆ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂಚಕ್ರಗಳಿಗೆ ಮಾತ್ರ. ಹಿಂದಿನಿಂದ ತಳ್ಳಿಸಿಕೊಳ್ಳುತ್ತಲೇ ಬ್ರೇಕ್ ಒತ್ತಬೇಕಾಗಿ ಬಂದವರ ಹಿಂಭಾಗ ಕೈತಪ್ಪುತ್ತದೆ.

ತೀರ್ಪುಗಾರರ ವಿಚಾರ: ಪ್ರತಿ ರೇಸಿನಲ್ಲಿ ಇಬ್ಬರು ಸರದಿಯಂತೆ ಓಡಿಸದೆ ಹೊರಗೆ ಉಳಿಯಲಿ, ಅವರಿಗೆ ಆ ದಿನದ ಸರಾಸರಿ ಅಂಕ ಕೊಡಿ, ಇಲ್ಲದಿದ್ದರೆ ಯಾರೂ ಒಪ್ಪುವುದಿಲ್ಲ. ಒಬ್ಬರು ಹೇರ್‌ಪಿನ್‌ನಲ್ಲಿ ಮೊಬೈಲ್ ಕ್ಯಾಮೆರಾ ಹಿಡಿದು ಬೇಲಿಯ ಹೊರಗೆ, ಇನ್ನೊಬ್ಬರು ಗೆರೆಯ ಬಳಿ ಬಾವುಟದೊಂದಿಗೆ. ಹಳದಿ ಬಾವುಟ ಬೀಸಿದರೆ ವೇಗ ತಗ್ಗಿಸಬೇಕು, ಹಿಂದಿಕ್ಕಬಾರದು. ಎರಡು ಹಳದಿ ಬೀಸಿದರೆ ನಿಲ್ಲಲೂ ಸಿದ್ಧರಿರಬೇಕು. ಕೆಂಪು ಬಂದರೆ ರೇಸ್ ನಿಂತಿತು. ಕಪ್ಪು-ಬಿಳಿ ಓರೆ ಬಾವುಟವನ್ನು ಕಾರ್ಟ್ ಸಂಖ್ಯೆಯೊಂದಿಗೆ ತೋರಿಸಿದರೆ ನಡತೆಗೆ ಎಚ್ಚರಿಕೆ, ಆಮೇಲೆ ಕಪ್ಪು ಬಾವುಟ, ಅಂದರೆ ಪಿಟ್‌ಗೆ ಬರಬೇಕು. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಕಪ್ಪು-ಬಿಳಿಯದೇ, ಎಲ್ಲರೆದುರು ಒಮ್ಮೆ ಅದನ್ನು ತೋರಿಸಿದರೆ ಮುಕ್ಕಾಲು ಜನ ತಣ್ಣಗಾಗುತ್ತಾರೆ.

ತಣ್ಣಗಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020ರ ಅಕ್ಟೋಬರಿನಲ್ಲಿ ಇಟಲಿಯ ಲೊನಾಟೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ರೇಸ್ ಇದೆ. ಡಿಕ್ಕಿಯಲ್ಲಿ ರೇಸಿನಿಂದ ಹೊರಬಿದ್ದ ಲೂಕಾ ಕೊರ್ಬೆರಿ ಎಂಬ ಚಾಲಕ ತನ್ನ ಕಾರ್ಟಿನ ಕಳಚಿದ ಮುಂಗವಚವನ್ನು ಎತ್ತಿಕೊಂಡು ಟ್ರ್ಯಾಕಿನ ಬದಿಯಲ್ಲಿ ಕಾದು, ಎದುರಾಳಿ ಮತ್ತೆ ಸುತ್ತಿ ಬಂದಾಗ ಓಡುತ್ತಿರುವ ಕಾರ್ಟಿನ ಮೇಲೆ ಎಸೆದ. ರೇಸಿನ ನಂತರ ಪಾರ್ಕ್ ಫರ್ಮೆಯಲ್ಲಿ (ರೇಸ್ ಮುಗಿಸಿದ ಕಾರ್ಟ್ ನಿಲ್ಲಿಸುವ ಜಾಗ) ಹೊಡೆದಾಟವೂ ಆಯಿತು. ಎಫ್‌ಐಎಯ ನ್ಯಾಯಮಂಡಳಿ ಮುಂದಿನ ವರ್ಷ ಅವನನ್ನು 15 ವರ್ಷ ಹೊರಗಿಟ್ಟಿತು. ಆದ್ದರಿಂದ ನಿಮ್ಮ ಪುಟದಲ್ಲಿ ಇನ್ನೊಂದು ಸಾಲು ಸೇರಿಸಿ: ದೂರು ಏನಿದ್ದರೂ ಹೆಲ್ಮೆಟ್ ತೆಗೆದು, ನೀರು ಕುಡಿದು, ಹತ್ತು ನಿಮಿಷ ಕಳೆದ ಮೇಲೆ ಆ ಇಬ್ಬರು ತೀರ್ಪುಗಾರರ ಬಳಿ ಮಾತ್ರ ಹೇಳಬೇಕು, ಎದುರಾಳಿಯ ಬಳಿಗೆ ನೇರವಾಗಿ ನಡೆದುಹೋದವರ ಆ ದಿನದ ಅಂಕ ಸೊನ್ನೆ.

ಚಿಂಚವಾಡ ಕನ್ನಡಿಗ

ಸರದಿಯಂತೆ ಹೊರಗುಳಿಯುವ ಸಲಹೆಗೆ ಬಳಗ ಒಪ್ಪಿದೆ. ನೇರ ದಾರಿಯಲ್ಲಿ ತಳ್ಳುವುದನ್ನು ಮೊದಲ ಕೆಲವು ರೇಸುಗಳ ಮಟ್ಟಿಗೆ ನಿಷೇಧಿಸಿ ಆಮೇಲೆ ನೋಡೋಣ ಎಂದುಕೊಂಡಿದ್ದೇವೆ, ಒಳಗೆರೆಯವರು ಕ್ಷಮಿಸಬೇಕು. ಕೂದಲು ಮತ್ತು ಬಟ್ಟೆಯ ನಿಯಮ ಮೊದಲ ಸಾಲಿಗೆ ಹೋಗಿದೆ. ಮಕ್ಕಳನ್ನು ಕರೆತಂದು ನಡುವೆ ಒಂದು ಸುತ್ತು ಓಡಿಸುವ ಪದ್ಧತಿಯನ್ನು, ವಕೀಲರು ಹೇಳಿದ 18 ವರ್ಷದ ಮಾತು ಓದಿದ ಮೇಲೆ, ಸದ್ಯಕ್ಕೆ ನಿಲ್ಲಿಸಿದ್ದೇವೆ. ಕರಡು ಸಿದ್ಧವಾದ ಮೇಲೆ ಇಲ್ಲಿಯೇ ಹಾಕುತ್ತೇನೆ. ಮಳೆಗಾಲದಲ್ಲಿ ತೇವದ ಟ್ರ್ಯಾಕಿನಲ್ಲಿ ಇದೇ ನಿಯಮ ಸಾಲುತ್ತದೆಯೇ ಎಂಬುದೊಂದು ಉಳಿದಿದೆ.

ಬಾವುಟದ ಕಟ್ಟೆ

ಸಾಲುವುದಿಲ್ಲ. ಬಾಡಿಗೆ ಕಾರ್ಟ್‌ಗಳಿಗೆ ಮಳೆಯ ಟೈರ್ ಹಾಕುವವರು ಅಪರೂಪ. ಒಣ ಟೈರಿನಲ್ಲಿ ಒದ್ದೆ ಟ್ರ್ಯಾಕಿಗೆ ಇಳಿದರೆ ಬ್ರೇಕ್ ಒತ್ತಿದ ಮೇಲೂ ಕಾರ್ಟ್ ಜಾರುತ್ತಲೇ ಇರುತ್ತದೆ, ಆಗ ತಪ್ಪಿಸಬಹುದಾಗಿದ್ದ ಡಿಕ್ಕಿ ಯಾವುದು, ತಪ್ಪಿಸಲಾಗದ್ದು ಯಾವುದು ಎಂದು ನಾನೂ ಹೇಳಲಾರೆ. ಮಳೆ ಬಂದರೆ ಒಬ್ಬೊಬ್ಬರನ್ನೇ ದೂರ ದೂರ ಬಿಟ್ಟು, ಸುತ್ತಿನ ಸಮಯದ ಮೇಲೆ ಅಂಕ ಕೊಡಿ.